ತಾರಸಿಯ ಕಾವಿಗೆ ಯಾವ ಮದ್ದು? ಸುಣ್ಣ, ಶೀಟು, ಹಂಚು, ಫಾಯಿಲ್: ಕರಾವಳಿ ಮನೆಗಳಿಗೆ ಹೋಲಿಕೆಯ ಮಾರ್ಗದರ್ಶಿ

ಸೆಕೆ ತಡೆಯಲಾರದೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಮೊದಲು ಮಾಡುವ ಖರ್ಚು ಗಾಳಿಯ ಮೇಲೆ: ಇನ್ನೊಂದು ಫ್ಯಾನು, ಆಮೇಲೆ ಎ.ಸಿ. ಆದರೆ ತಾರಸಿ ಮನೆಯ ಮೇಲಿನ ಮಹಡಿಯಲ್ಲಿ ರಾತ್ರಿ ಹತ್ತಾದರೂ ನೆತ್ತಿ ಕಾಯುತ್ತದಲ್ಲ, ಅದು ಗಾಳಿಯ ಕಾವಲ್ಲ. ಸೀಲಿಂಗ್‌ನಿಂದ ನೇರವಾಗಿ ಮೈಮೇಲೆ ಬೀಳುವ ಕಾವು. ಅದಕ್ಕೆ ಮದ್ದು ಬೇರೆ. ಮಾರುಕಟ್ಟೆಯಲ್ಲಿ ಮಾರುವವರು ಎಲ್ಲವನ್ನೂ ‘ಹೀಟ್ ಪ್ರೂಫ್’ ಎಂದೇ ಕರೆಯುತ್ತಾರೆ. ಯಾವುದು ಯಾವ ಬಗೆಯ ಕಾವನ್ನು ತಡೆಯುತ್ತದೆ ಎಂದು ತಿಳಿದರೆ ಮಾತ್ರ ಕೊಟ್ಟ ದುಡ್ಡಿಗೆ ಫಲ ಸಿಕ್ಕೀತು.

ಕಾವು ಬರುವ ಮೂರು ದಾರಿ

ಬಚ್ಚಲೊಲೆಯ ಮುಂದೆ ಕೂತು ಬೆಂಕಿ ಹಾಕಿದವರಿಗೆ ಮೂರೂ ಗೊತ್ತು. ಕೆಂಡ ಕೆದಕುವ ಕಬ್ಬಿಣದ ಸಲಾಕೆಯ ಹಿಡಿ ಸ್ವಲ್ಪ ಹೊತ್ತಿನಲ್ಲಿ ಬಿಸಿಯಾಗುವುದು ವಹನ. ಕಾವು ವಸ್ತುವಿನ ಒಳಗಿಂದಲೇ ಸಾಗುತ್ತದೆ. ಹಂಡೆಯ ತಳದ ನೀರು ಕಾದು ಮೇಲೇರಿ, ಮೇಲಿನ ತಣ್ಣೀರು ಕೆಳಗಿಳಿಯುವುದು ಸಂವಹನ. ಇಲ್ಲಿ ನೀರೋ ಗಾಳಿಯೋ ಕಾವನ್ನು ಹೊತ್ತೊಯ್ಯುತ್ತದೆ. ಒಲೆಯ ಬಾಯಿಗೆ ಎದುರಾಗಿ ಕೂತಾಗ ಮುಖ ಸುಡುವುದು ವಿಕಿರಣ. ಹೊಗೆಯೂ ಬಿಸಿಗಾಳಿಯೂ ಮೇಲಕ್ಕೆ ಹೋಗುತ್ತಿವೆ, ಆದರೂ ಎದುರಿಗಿದ್ದವರಿಗೆ ಕಾವು ತಾಗುತ್ತದೆ. ನಡುವೆ ಒಂದು ಗೆರಸೆ ಹಿಡಿದರೆ ಆ ಕ್ಷಣಕ್ಕೇ ನಿಲ್ಲುತ್ತದೆ. ಹೀಗೆ ಅಡ್ಡ ಹಿಡಿದ ತಕ್ಷಣ ನಿಲ್ಲುವುದೇ ವಿಕಿರಣದ ಗುರುತು.

ವಿಕಿರಣ ಎಂದಾಗ ಎಕ್ಸ್-ರೇ ನೆನಪಾಗಬೇಕಿಲ್ಲ. ಇದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಗೋಡೆ, ಹಂಚು, ನಮ್ಮ ಮೈ, ಎಲ್ಲವೂ ಎಲ್ಲ ಹೊತ್ತೂ ಇದನ್ನು ಹೊರಸೂಸುತ್ತಿರುತ್ತವೆ. ಸಾಗಲು ಗಾಳಿಯೂ ಬೇಡ. ಎಷ್ಟು ಸೂಸುತ್ತದೆ ಎಂಬುದು ಕೆಲ್ವಿನ್ ಲೆಕ್ಕದ ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುವುದರಿಂದ ನಾಲ್ಕೈದು ಡಿಗ್ರಿಯ ವ್ಯತ್ಯಾಸವೂ ಮೈಗೆ ತಿಳಿಯುತ್ತದೆ. ಚರ್ಮ 34 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಸೀಲಿಂಗ್ 42 ಡಿಗ್ರಿ ಇದ್ದರೆ, ಅದಕ್ಕೆ ಮುಖ ಮಾಡಿದ ಮೈಭಾಗಕ್ಕೆ ಚದರ ಮೀಟರಿಗೆ ಸುಮಾರು 50 ವ್ಯಾಟ್ ಬಂದು ಸೇರುತ್ತದೆ. ಅದೇ ಸೀಲಿಂಗ್ 28 ಡಿಗ್ರಿ ಇದ್ದಿದ್ದರೆ ಮೈಯೇ 35 ವ್ಯಾಟ್‌ನಷ್ಟು ಅದರತ್ತ ಬಿಟ್ಟುಕೊಡುತ್ತಿತ್ತು. ಎರಡು ಕೋಣೆಗಳ ಗಾಳಿ ಒಂದೇ ಉಷ್ಣತೆಯಲ್ಲಿದ್ದರೂ ಒಂದರಲ್ಲಿ ನಿದ್ದೆ ಬಂದು ಇನ್ನೊಂದರಲ್ಲಿ ಬಾರದಿರಲು ಇದು ಕಾರಣ.

ಚಾವಣಿಯ ವಿಷಯದಲ್ಲಿ ಒಂದು ಮಾತು ಮುಖ್ಯ. ಬಿಸಿಗಾಳಿ ಮೇಲೇರುವುದೇ ಹೊರತು ಕೆಳಗಿಳಿಯುವುದಿಲ್ಲ. ಹಾಗಾಗಿ ಕಾದ ಶೀಟು ಅಥವಾ ಹಂಚಿನಿಂದ ನಡುವಣ ಗಾಳಿಯನ್ನು ದಾಟಿ ಕೆಳಗೆ ಬರುವ ಕಾವು ಬಹುಪಾಲು ವಿಕಿರಣವೇ. ಚಾವಣಿಗೆ ಏನನ್ನು ಆರಿಸುವಾಗಲೂ ಇದು ಮನಸ್ಸಿನಲ್ಲಿರಲಿ.

ಘಟ್ಟದ ಮೇಲಿನ ಉಪಾಯ ಇಲ್ಲಿ ಸಾಲದು

ಬಯಲುಸೀಮೆಯ ತಾರಸಿ ರಾತ್ರಿ ಒಣ ಆಕಾಶದತ್ತ ಕಾವು ಸೂಸಿ ಬೇಗ ತಣಿಯುತ್ತದೆ. ಕರಾವಳಿಯ ಆಕಾಶದಲ್ಲಿ ತೇವಾಂಶ ಹೆಚ್ಚು. ನೀರಾವಿ ಆ ಕಿರಣಗಳನ್ನು ಹೀರಿ ಒಂದಷ್ಟನ್ನು ಕೆಳಕ್ಕೇ ಮರಳಿಸುತ್ತದೆ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬು ಮಧ್ಯಾಹ್ನ ಕುಡಿದ ಬಿಸಿಲನ್ನು ಮೂರು ನಾಲ್ಕು ಗಂಟೆ ತಡವಾಗಿ ಒಳಗೆ ಕೊಡುತ್ತದೆ. ಸಂಜೆ ಐದಾರು ಗಂಟೆಗೆ ಸೀಲಿಂಗ್ ಅತಿ ಬಿಸಿ, ಮಲಗುವ ಹೊತ್ತಿಗೂ ಕಾವು ಉಳಿದಿರುತ್ತದೆ. ರಾತ್ರಿ ತಾನಾಗಿ ತಣಿದೀತು ಎಂದು ನಂಬುವಂತಿಲ್ಲ. ಹಗಲಲ್ಲೇ, ಬಿಸಿಲು ಸ್ಲ್ಯಾಬಿಗೆ ತಾಗುವ ಮೊದಲೇ ತಡೆಯಬೇಕು.

ಏಪ್ರಿಲ್ 24ರಿಂದ 26ರ ಒಳಗೆ ನಮ್ಮೂರುಗಳಲ್ಲಿ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳು ಬೀಳುವುದಿಲ್ಲ. ಸೆಕೆಯ ತಿಂಗಳುಗಳಲ್ಲಿ ಬಿಸಿಲಿನ ದೊಡ್ಡ ಪಾಲು ಗೋಡೆಗಲ್ಲ, ಚಾವಣಿಗೇ.

ತಾರಸಿಗೆ ನೀರು ಹೊಡೆಯುವುದು, ತೇವದ ಕೂಲರ್ ಇಡುವುದು ಒಣ ಊರಿನ ಉಪಾಯಗಳು. ನೀರು ಆವಿಯಾದರೆ ತಾನೇ ತಂಪು? ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಫಲ ಕಡಿಮೆ. ಕೂಲರ್ ಅಂತೂ ಕೋಣೆಯನ್ನು ಇನ್ನಷ್ಟು ಅಂಟಂಟಾಗಿಸುತ್ತದೆ. ಮಂಗಳೂರಿಗೆ ನೀರುಣಿಸುವ ತುಂಬೆ, ಉಡುಪಿಗೆ ನೀರುಣಿಸುವ ಬಜೆ ಅಣೆಕಟ್ಟುಗಳಲ್ಲಿ ನೀರಿನ ಮಟ್ಟ ಇಳಿಯುವ ತಿಂಗಳುಗಳಲ್ಲಿ ತಾರಸಿಗೆ ನೀರು ಸುರಿಯುವುದು ಸರಿಯೂ ಅಲ್ಲ.

ಮೊದಲು ಅಳೆಯಿರಿ

ಸಂಜೆ ಆರರಿಂದ ಎಂಟರ ನಡುವೆ ಮೇಲಿನ ಕೋಣೆಯಲ್ಲಿ ನಿಂತು, ತಲೆಯ ಮೇಲೆ ಅರ್ಧ ಅಡಿ ಎತ್ತರದಲ್ಲಿ ಒಂದು ದಪ್ಪ ರಟ್ಟು ಹಿಡಿಯಿರಿ. ಫ್ಯಾನ್ ಆರಿಸಿರಲಿ. ನೆತ್ತಿಗೆ ಕೂಡಲೇ ಹಾಯೆನಿಸಿದರೆ ಸೀಲಿಂಗ್‌ನ ವಿಕಿರಣವೇ ನಿಮ್ಮ ತೊಂದರೆ.

ಸಾಧ್ಯವಿದ್ದರೆ ಮುಟ್ಟದೆಯೇ ಮೇಲ್ಮೈಯ ಉಷ್ಣತೆ ಅಳೆಯುವ ಐಆರ್ (ಅವಕೆಂಪು) ಥರ್ಮಾಮೀಟರ್ ಗನ್ ಒಂದನ್ನು ಎರವಲು ತಂದು ಸೀಲಿಂಗ್, ಪಡುವಣ ಗೋಡೆ, ನೆಲ ಮೂರನ್ನೂ ಅಳೆಯಿರಿ. ಗಾಳಿಯನ್ನು ಸಾದಾ ಥರ್ಮಾಮೀಟರಿನಲ್ಲಿ ನೋಡಿ. ಸೀಲಿಂಗ್ ಗಾಳಿಗಿಂತ ನಾಲ್ಕೈದು ಡಿಗ್ರಿ ಮೇಲಿದ್ದರೆ ಚಾವಣಿಗೆ ಖರ್ಚು ಮಾಡಿ. ಪಡುವಣ ಗೋಡೆಯೇ ಹೆಚ್ಚಿದ್ದರೆ ತಾರಸಿಗೆ ಏನು ಮಾಡಿಯೂ ಪ್ರಯೋಜನವಿಲ್ಲ. ಎಲ್ಲವೂ ಗಾಳಿಯ ಮಟ್ಟದಲ್ಲೇ ಇದ್ದು ಬೆವರು ಮಾತ್ರ ಆರುತ್ತಿಲ್ಲವಾದರೆ ಅದು ತೇವದ ಸೆಕೆ. ಅದಕ್ಕೆ ಫ್ಯಾನು, ಎದುರುಬದುರು ಕಿಟಕಿ, ಇಲ್ಲವೇ ತೇವ ತೆಗೆಯುವ ಎ.ಸಿ.

ಗನ್ ಬಳಸುವಾಗ ಒಂದು ತಪ್ಪು ಸಾಮಾನ್ಯ. ಅದು ಅಳೆಯುವುದು ವಿಕಿರಣವನ್ನೇ. ಹೊಳೆಯುವ ಅಲ್ಯೂಮಿನಿಯಂ ಅಥವಾ ಬಣ್ಣವಿಲ್ಲದ ಶೀಟಿಗೆ ಹಿಡಿದರೆ ಎದುರಿನ ವಸ್ತುವಿನ ಪ್ರತಿಬಿಂಬದ ಉಷ್ಣತೆ ತೋರಿಸಿ ಮೋಸಮಾಡುತ್ತದೆ. ಶೀಟಿನ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೆಯಬೇಕು.

ಬಿಳಿ ಬಳಿಯುವುದು: ಸುಣ್ಣ, ಕೂಲ್ ರೂಫ್ ಪೇಂಟ್

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಇದೇ. ಮೂರು ಮಳೆಗಾಲ ಕಂಡು ಪಾಚಿ ಕರಿಗಟ್ಟಿದ ತಾರಸಿ ಬಿಸಿಲಿನ ಶೇಕಡ 80ರಷ್ಟನ್ನು ಹೀರುತ್ತದೆ. ಹೊಸ ಬಿಳಿ ಲೇಪ ಹೀರುವುದು ಶೇಕಡ 20ರಿಂದ 30. ನಡುಮಧ್ಯಾಹ್ನ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುವಾಗ 800 ಎಲ್ಲಿ, 250 ಎಲ್ಲಿ!

ಸುಣ್ಣವೋ ಪೇಂಟೋ ಎಂದರೆ ನಮ್ಮ ಒಲವು, ಬಾಡಿಗೆ ಮನೆಗೂ ಹಳೆಯ ತಾರಸಿಗೂ ಸುಣ್ಣದ ಕಡೆಗೆ. ಜೂನಿನ ಮಳೆಗೆ ತೊಳೆದು ಹೋಗುತ್ತದೆ ನಿಜ, ಆದರೆ ಸೆಕೆ ಇರುವುದು ಫೆಬ್ರವರಿಯಿಂದ ಮೇವರೆಗೆ ತಾನೇ. 5 ಕಿಲೋ ಸುಣ್ಣಕ್ಕೆ ಸುಮಾರು 10 ಲೀಟರ್ ನೀರು, ಕೈಗೆ ಹತ್ತದಂತಿರಲು ಅರ್ಧ ಕಿಲೋ ಬಿಳಿ ಅಂಟು. ಚಿಪ್ಪಿನ ಸುಣ್ಣ ಸಿಕ್ಕರೆ ಬಿಳುಪು ಚೆನ್ನಾಗಿರುತ್ತದೆ. ತಾರಸಿಯನ್ನು ಮೊದಲು ನೀರು ಚಿಮುಕಿಸಿ ಹಸಿ ಮಾಡಿ, ತೆಳುವಾಗಿ ಎರಡು ಸಲ ಬಳಿಯಿರಿ. ಕಾದ ತಾರಸಿಗೆ ದಪ್ಪಗೆ ಬಳಿದರೆ ನೀರು ಬೇಗ ಆರಿ ಸುಣ್ಣ ಪುಡಿಯಾಗಿ ಏಳುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು.

ಕೂಲ್ ರೂಫ್ ಪೇಂಟ್ ಬಾಳಿಕೆ ಬರುತ್ತದೆ, ಆದರೆ ತಯಾರಿ ಕೇಳುತ್ತದೆ. ನವೆಂಬರ್ ಕೊನೆಯಿಂದ ಜನವರಿಯವರೆಗಿನ ಒಣ ದಿನಗಳು ಸೂಕ್ತ. 10 ಲೀಟರ್ ನೀರಿಗೆ 200ರಿಂದ 250 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು, ಕಾಲು ಗಂಟೆ ಬಿಟ್ಟು, ಗಟ್ಟಿ ಬ್ರಷ್‌ನಿಂದ ಪಾಚಿ ಉಜ್ಜಿ ತೊಳೆಯಿರಿ. ತಾರಸಿಯ ನೀರನ್ನು ಬಾವಿಗೆ ಇಳಿಸುವ ವ್ಯವಸ್ಥೆ ಇದ್ದರೆ ಆ ಪೈಪನ್ನು ಮೊದಲೇ ತಿರುಗಿಸಿಡಬೇಕು. ಸುಣ್ಣ ಬಳಿದ ವರ್ಷದ ಮೊದಲ ಮಳೆಗೂ ಇದೇ ಎಚ್ಚರ. ಬಳಿಯುವ ಹಿಂದಿನ ರಾತ್ರಿ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿಡಿ. ಬೆಳಗ್ಗೆ ಅಡಿಯಲ್ಲಿ ನೀರಹನಿ ಕಂಡರೆ ಸ್ಲ್ಯಾಬಿನಲ್ಲಿ ತೇವವಿದೆ. ಆಗ ಬಳಿದ ಪೇಂಟ್ ಗುಳ್ಳೆ ಎದ್ದು ಮೊದಲ ಮಳೆಗೇ ಸುಲಿಯುತ್ತದೆ.

ಪೇಂಟಿನ ಡಬ್ಬಿಯ ಮೇಲಿನ ಎಸ್‌ಆರ್‌ಐ ಅಂಕಿ, ಅಂದರೆ ಬಿಸಿಲಿಗೆ ಮೇಲ್ಮೈ ಎಷ್ಟು ಕಡಿಮೆ ಕಾಯುತ್ತದೆ ಎಂಬುದರ ಸೂಚಿ, ಬಿಳಿ ಮೇಲ್ಮೈಯನ್ನು 100, ಕಪ್ಪನ್ನು 0 ಎಂದಿಟ್ಟುಕೊಂಡ ಅಳತೆ. ಅದು ಹೊಸ ಪೇಂಟಿನದು. ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಬಿಳುಪು ಮಾಸುವುದರಿಂದ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ತೊಳೆಯುವ ಕೆಲಸ ತಪ್ಪದು. ತೊಳೆಯಲಾಗದವರು ದುಬಾರಿ ಪೇಂಟ್ ಕೊಳ್ಳಬೇಡಿ.

ಮತ್ತೊಂದು ಮಾತು. ಬಿಳಿ ಬಣ್ಣದ ಫಲ ಇರುವುದು ಬಿಸಿಲು ಬೀಳುವ ಮೇಲುಮೈಯಲ್ಲಿ ಮಾತ್ರ. ಕೋಣೆಯೊಳಗೆ ಸೀಲಿಂಗ್‌ಗೆ ಬಿಳಿ ಬಳಿದರೂ ಕಪ್ಪು ಬಳಿದರೂ ಅದು ಸೂಸುವ ಅವಕೆಂಪು ಕಾವು ಒಂದೇ. ಕೋಣೆಯ ಉಷ್ಣತೆಯಲ್ಲಿ ಬಣ್ಣಗಳೆಲ್ಲ ಶೇಕಡ 90ರ ಆಸುಪಾಸಿನಲ್ಲಿ ಸೂಸುತ್ತವೆ.

ತಾರಸಿಯ ಮೇಲೆ ಶೀಟು

ಮಂಗಳೂರಿನಲ್ಲಿ ಮಳೆ ಸೋರಿಕೆಗೆಂದು ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಕಿಸದ ಬೀದಿ ಕಡಿಮೆ. ಸರಿಯಾಗಿ ಹಾಕಿದರೆ ಸೆಕೆಗೂ ಇದು ಒಳ್ಳೆಯ ಮದ್ದು, ಏಕೆಂದರೆ ಸ್ಲ್ಯಾಬಿಗೆ ಇನ್ನು ಸೂರ್ಯ ಕಾಣುವುದಿಲ್ಲ. 60 ಡಿಗ್ರಿ ಕಾದ ಶೀಟಿನ ಅಡಿಯಲ್ಲಿ 40 ಡಿಗ್ರಿಯ ಸ್ಲ್ಯಾಬು ಇದ್ದರೆ, ಶೀಟಿನಿಂದ ಸ್ಲ್ಯಾಬಿಗೆ ಇಳಿಯುವ ವಿಕಿರಣ ಚದರ ಮೀಟರಿಗೆ ಸುಮಾರು 125 ವ್ಯಾಟ್. ಬರಿಯ ಕಪ್ಪು ತಾರಸಿ ಹೀರುವ 800ರ ಆರನೇ ಒಂದು ಪಾಲೂ ಅಲ್ಲ.

ಕೆಡುವುದು ಎರಡು ಕಡೆ. ಒಂದು, ಬಣ್ಣ. ಕಡುನೀಲಿ, ಕಡುಕೆಂಪು ಶೀಟಿಗಿಂತ ಬಿಳಿ ಅಥವಾ ತಿಳಿ ಬಣ್ಣದ್ದು ಬಹಳ ಕಡಿಮೆ ಕಾಯುತ್ತದೆ. ಎರಡು, ಸುತ್ತ ಮುಚ್ಚುವುದು. ಇರಚಲು ಬರದಿರಲೆಂದು ಪ್ಯಾರಾಪೆಟ್‌ನಿಂದ ಶೀಟಿನವರೆಗೆ ನಾಲ್ಕೂ ಬದಿ ಶೀಟೇ ಹೊಡೆದುಬಿಟ್ಟರೆ ಬಿಸಿಗಾಳಿ ಹೊರಹೋಗದೆ ಕಾವು ಅಲ್ಲೇ ಕುದಿಯುತ್ತದೆ. ಮಾಡನ್ನು ಎರಡಡಿ ಹೊರಚಾಚಿಸಿ, ಸೂರಿನಡಿ ಕನಿಷ್ಠ ಒಂದೊಂದೂವರೆ ಅಡಿ ಜಾಲರಿ ಬಿಡಿ. ನೆತ್ತಿಯಲ್ಲೂ ಗಾಳಿಗೆ ಕಿಂಡಿ ಇರಲಿ. ಜೂನಿನ ಪಡುಗಾಳಿ ಶೀಟನ್ನು ಎತ್ತಿ ಎಸೆಯಬಲ್ಲದು, ಸ್ಕ್ರೂಗಳಿಗೆ ರಬ್ಬರ್ ವಾಷರ್ ಇದೆಯೇ, ಅಂಚಿನ ಸಾಲಿನಲ್ಲಿ ಒತ್ತಾಗಿ ಹಾಕಿದ್ದಾರೆಯೇ ನೋಡಿ. ಪಾಲಿಕೆ ಅಥವಾ ನಗರಸಭೆಯ ಅನುಮತಿಯ ವಿಷಯ ಮೊದಲೇ ವಿಚಾರಿಸುವುದು ಒಳ್ಳೆಯದು.

ಸೋಲಾರ್ ಪ್ಯಾನೆಲ್ ಇಡುವ ಯೋಚನೆ ಇದ್ದರೆ ಅದೂ ತಾರಸಿಗೆ ನೆರಳೇ. ಮಲಗುವ ಕೋಣೆಯ ಮೇಲ್ಭಾಗಕ್ಕೆ ಬರುವಂತೆ, ಅಡಿಯಲ್ಲಿ ಗಾಳಿಯಾಡುವಷ್ಟು ಎತ್ತರಿಸಿ ಕೂರಿಸಿ. ಬೇಸಗೆಗೆ ಮಾತ್ರ ಸಾಕೆಂದರೆ ಬಿಸಿಲಿನ ಶೇಕಡ 75ರಷ್ಟನ್ನು ತಡೆಯುವ ಗ್ರೀನ್ ನೆಟ್ಟನ್ನು ತಾರಸಿಯ ನೆಲದಿಂದ ಮೂರು ನಾಲ್ಕು ಅಡಿ ಎತ್ತರಕ್ಕೆ ಕಟ್ಟಬಹುದು. ನೆಲಕ್ಕೇ ಹಾಸಿದರೆ ನೆಟ್ಟು ಕಾದು ಸ್ಲ್ಯಾಬಿಗೇ ಕಾವು ಕೊಡುತ್ತದೆ. ತೆಂಗಿನ ಮಡಲು, ಅಡಿಕೆ ಸೋಗೆ ಹಾಸುವುದು ಹಳೆಯ ಒಳ್ಳೆಯ ಕ್ರಮ, ಆದರೆ ಒಣಗಿದ ಮೇಲೆ ಬೆಂಕಿಯ ಭಯ. ದೀಪಾವಳಿ ಕಳೆದ ಮೇಲೆ ಹಾಸಿ, ಮಳೆಗೆ ಮೊದಲು ತೆಗೆಯಬೇಕು.

ಫಾಯಿಲ್: ತಪ್ಪಾಗಿ ಹಾಕುವುದೇ ಹೆಚ್ಚು

ಹೊಳೆಯುವ ಅಲ್ಯೂಮಿನಿಯಂ ಫಾಯಿಲ್ ತನಗೆ ಬಂದ ಅವಕೆಂಪು ಕಿರಣದ ಶೇಕಡ 95ರಷ್ಟನ್ನು ಮರಳಿಸುತ್ತದೆ. ಕಾದರೂ ತಾನು ಸೂಸುವುದು ಬರೀ ಶೇಕಡ 3ರಿಂದ 5. ವಿಕಿರಣಕ್ಕೆ ಇಷ್ಟು ಅಗ್ಗದ, ಇಷ್ಟು ಹಗುರದ ತಡೆ ಬೇರೆ ಇಲ್ಲ. ಆದರೆ ವಹನಕ್ಕೆ ಇದು ಏನೇನೂ ತಡೆಯಲ್ಲ. ಅಲ್ಯೂಮಿನಿಯಂ ಕಾವನ್ನು ಚೆನ್ನಾಗಿಯೇ ಸಾಗಿಸುತ್ತದೆ. ಹಾಗಾಗಿ ಹೊಳೆಯುವ ಒಂದು ಮುಖವಾದರೂ ಗಾಳಿಗೆ ತೆರೆದಿರಲೇಬೇಕು, ಕನಿಷ್ಠ 20ರಿಂದ 25 ಮಿಲಿಮೀಟರ್ ಖಾಲಿ ಜಾಗ. ಸ್ಲ್ಯಾಬಿನ ಮೇಲೆ ಫಾಯಿಲ್ ಹಾಸಿ ಅದರ ಮೇಲೆ ಕಾಂಕ್ರೀಟೋ ಟೈಲ್ಸೋ ಹಾಕಿದರೆ ಫಾಯಿಲಿಗೆ ಕೊಟ್ಟ ದುಡ್ಡು ಅಲ್ಲೇ ಹೂತುಹೋಯಿತು.

ಇದು ಅತಿ ಹೆಚ್ಚು ಉಪಕಾರವಾಗುವುದು ಸ್ಲ್ಯಾಬಿಲ್ಲದೆ ನೇರ ಶೀಟಿನ ಅಡಿಯಲ್ಲಿ ಕೆಲಸ ಮಾಡುವವರಿಗೆ: ಗ್ಯಾರೇಜು, ಅಂಗಡಿ, ಗೋಡಂಬಿ ಕಾರ್ಖಾನೆಯ ಶೆಡ್ಡು, ಮಹಡಿಯ ಮೇಲಿನ ಬಾಡಿಗೆ ಕೋಣೆ. ಶೀಟಿನ ಕೆಳಗಿನ ಪಟ್ಟಿಗಳ ಅಡಿಯಲ್ಲಿ, ಶೀಟಿಗೆ ತಾಗದಂತೆ, ನಾಲ್ಕರಿಂದ ಎಂಟು ಮಿಲಿಮೀಟರ್ ದಪ್ಪದ ಗುಳ್ಳೆ ಫಾಯಿಲನ್ನು (ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆಗೆ ಫಾಯಿಲ್ ಅಂಟಿಸಿದ್ದು) ಬಿಗಿಯಾಗಿ ಎಳೆದು ಕಟ್ಟಬೇಕು. ಒಂದಡಿಗೊಂದರಂತೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಹಾಯಿಸಿದರೆ ಜೋಲುವುದಿಲ್ಲ. ಹಾಳೆಗಳ ಅಂಚು ಒಂದರ ಮೇಲೊಂದು ಎರಡು ಇಂಚು ಬರುವಂತೆ ಇಟ್ಟು ಅಲ್ಯೂಮಿನಿಯಂ ಟೇಪ್ ಹಾಕಿ. ಒಂದೇ ಬದಿ ಹೊಳಪಿರುವುದಾದರೆ ಹೊಳಪು ಕೆಳಗಿರಲಿ. ಮೇಲ್ಮುಖವಾಗಿಟ್ಟರೆ ಎರಡು ವರ್ಷದಲ್ಲಿ ಧೂಳು ಕೂತು, ಧೂಳು ಸಾದಾ ಬಣ್ಣದಂತೆಯೇ ಕಾವು ಹೀರುತ್ತದೆ. ಕೆಳಮುಖಕ್ಕೆ ಧೂಳು ಹತ್ತುವುದು ಕಡಿಮೆ. ಚಂದಕ್ಕೆಂದು ಅದರ ಮೇಲೆ ಪೇಂಟ್ ಹೊಡೆಯುವುದೂ ಇದೆ, ಆ ದಿನಕ್ಕೆ ಅದರ ಗುಣ ಮುಗಿಯಿತು.

ಪಣಂಬೂರು, ಸುರತ್ಕಲ್, ಮಲ್ಪೆಯಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಬರಿಯ ಫಾಯಿಲ್ ಬಿಳಿ ಚುಕ್ಕೆ ಬಿದ್ದು ಮಂಕಾಗುತ್ತದೆ. ಮೇಲೆ ತೆಳು ರಕ್ಷಣಾ ಲೇಪವಿರುವುದನ್ನೇ ಕೇಳಿ. ಗುಳ್ಳೆ ಫಾಯಿಲಿನ ಒಳಗಿರುವುದು ಪಾಲಿಥೀನ್, ಬೆಂಕಿ ಹಿಡಿಯುತ್ತದೆ. ಅಡುಗೆ ಒಲೆ, ವೆಲ್ಡಿಂಗ್ ಇರುವಲ್ಲಿ ಬೇಡ. ಅಲ್ಲಿ ಪಫ್ ಶೀಟಿನ (ಎರಡು ಲೋಹದ ತಗಡುಗಳ ನಡುವೆ ಫೋಮ್ ತುಂಬಿದ್ದು) ಯೋಚನೆಯೂ ಬೇಡ. ಬೇರೆ ಕಡೆ, ಹೊಸದಾಗಿ ಶೆಡ್ಡು ಕಟ್ಟುವುದಾದರೆ, 50 ಮಿಲಿಮೀಟರ್ ಬಿಳಿ ಪಫ್ ಶೀಟು ಫಾಯಿಲಿಗಿಂತ ಉತ್ತಮ. ಅದು ವಹನವನ್ನೂ ತಡೆಯುತ್ತದೆ, ಡಿಸೆಂಬರ್ ಬೆಳಗ್ಗೆ ಶೀಟಿನಡಿ ನೀರು ತೊಟ್ಟಿಕ್ಕುವುದನ್ನೂ ನಿಲ್ಲಿಸುತ್ತದೆ.

ಹಳೆಯ ಸಿಮೆಂಟ್ ಶೀಟಿನಲ್ಲಿ, ಧೂಳಾಗಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ಇರುತ್ತದೆ. ಒಣಗಿದ್ದಾಗ ಉಜ್ಜುವುದು, ಕೊರೆಯುವುದು ಬೇಡ. ನೀರು ಹರಿಸಿ ತೊಳೆದು ಮೇಲಿನಿಂದ ಬಿಳಿ ಬಳಿಯಿರಿ.

ಹಂಚು

1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಊರೂರಿಗೆ ಹೋದ ಮಂಗಳೂರು ಹಂಚಿನ ಮನೆಗಳು ತಂಪು ಎಂಬ ನಂಬಿಕೆಗೆ ಕಾರಣ ಹಂಚಿನ ಮಣ್ಣಷ್ಟೇ ಅಲ್ಲ. ಹಂಚು ಬಿಸಿಲಿಗೆ ಚೆನ್ನಾಗಿಯೇ ಕಾಯುತ್ತದೆ. ಆದರೆ ತೆಳು, ಹೊತ್ತು ಮುಳುಗಿದ ಮೇಲೆ ಬೇಗ ತಣಿಯುತ್ತದೆ. ಸಂದುಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಅದಕ್ಕೂ ಮುಖ್ಯವಾದುದು ಅಟ್ಟ. ಹಂಚಿನ ವಿಕಿರಣವೆಲ್ಲ ಅಟ್ಟದ ಹಲಗೆಗೆ ಬೀಳುತ್ತದೆ, ಕೆಳಗೆ ಕೂತವರಿಗೆ ಕಾಣುವುದು ತಣ್ಣನೆಯ ಹಲಗೆ ಮಾತ್ರ. ಅಟ್ಟ ತೆಗೆಸಿ ಎತ್ತರವಾಗಿ ಕಾಣಲೆಂದು ಹಂಚನ್ನು ತೆರೆದಿಟ್ಟ ಮನೆಗಳಲ್ಲಿ ಮಧ್ಯಾಹ್ನ ಬೇಯುವುದು ಇದರಿಂದಲೇ. ಅಲ್ಲಿ ಅಟ್ಟವನ್ನು ಮರಳಿ ಹಾಕುವುದು, ಆಗದಿದ್ದರೆ ಪಕಾಸಿನಡಿ ಫಾಯಿಲ್ ಎಳೆಯುವುದು ಸರಿಯಾದ ದಾರಿ.

ಇತ್ತೀಚಿನ ಮನೆಗಳಲ್ಲಿ ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಗಾರೆಯಿಂದ ಹಂಚು ಅಂಟಿಸುವ ಪದ್ಧತಿ ಬಂದಿದೆ. ನೋಟಕ್ಕೆ ಹಂಚಿನ ಮನೆ, ಕಾವಿಗೆ ಸ್ಲ್ಯಾಬಿನ ಮನೆ. ನಡುವೆ ಗಾಳಿ ಇಲ್ಲ, ಹಂಚಿನ ಕಾವು ವಹನದಿಂದ ನೇರ ಕಾಂಕ್ರೀಟಿಗೆ ಇಳಿಯುತ್ತದೆ. ಹೊಸದಾಗಿ ಮಾಡುವವರು ಸ್ಲ್ಯಾಬಿನ ಮೇಲೆ ಪಟ್ಟಿ ಹೊಡೆದು, ಸೂರಿನಿಂದ ನೆತ್ತಿಯವರೆಗೆ ಗಾಳಿ ಹರಿಯುವಷ್ಟು ಎತ್ತರಿಸಿ ಹಂಚು ಕೂರಿಸಲು ಹೇಳಬೇಕು. ನೂರು ಚದರಡಿಗೆ ಸುಮಾರು 150 ಹಂಚು ಬೇಕು, ಒಂದೊಂದು ಎರಡರಿಂದ ಮೂರು ಕಿಲೋ. ಹಳೆಯ ತಾರಸಿಯ ಮೇಲೆ ಹೊಸ ಹಂಚಿನ ಮಾಡು ಎತ್ತುವುದಾದರೆ ಈ ಭಾರವನ್ನು ಎಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ.

ಥರ್ಮೋಕೋಲ್, ಫಾಲ್ಸ್ ಸೀಲಿಂಗ್

ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್ ಎಕ್ಸ್‌ಪಿಎಸ್ (ನೀರು ಅಷ್ಟಾಗಿ ಹೀರದ ಗಟ್ಟಿ ಫೋಮ್) ಹಲಗೆ ಹಾಸಿ ಗಾರೆ ಹಾಕುವುದು ವಹನಕ್ಕೆ ಗಟ್ಟಿ ತಡೆ. ವಾಟರ್‌ಪ್ರೂಫಿಂಗ್ ಅದರ ಅಡಿಯಲ್ಲಿ ಮೊದಲೇ ಆಗಿರಬೇಕು. ಸಾದಾ ಬಿಳಿ ಥರ್ಮೋಕೋಲ್ ನೀರು ಹೀರಿದರೆ ತಡೆಯುವ ಗುಣ ಇಳಿಯುತ್ತದೆ, ನಮ್ಮ ಮಳೆಗೆ ಅದು ಬೇಡ. ಕೋಣೆಯೊಳಗಿನ ಜಿಪ್ಸಮ್ ಸೀಲಿಂಗ್ ವಿಕಿರಣವನ್ನು ಒಂದಿಷ್ಟು ತಡೆದರೂ ಸ್ಲ್ಯಾಬು ಕಾದೇ ಇರುತ್ತದೆ. ಕೆಲವು ಗಂಟೆಯಲ್ಲಿ ಅದೂ ಕಾದು ತಾನೇ ಸೂಸತೊಡಗುತ್ತದೆ. ಮಳೆಗಾಲದಲ್ಲಿ ಬೂಸಲಿನ ಕಾಟ ಬೇರೆ. ಸ್ವಂತ ತಾರಸಿ ಇಲ್ಲದ, ಕೊನೆಯ ಮಹಡಿಯ ಫ್ಲ್ಯಾಟಿನವರಿಗೆ ಮಾತ್ರ ಇದು ಯೋಗ್ಯ. ಅವರಿಗೂ ಮೊದಲ ದಾರಿ, ಅಸೋಸಿಯೇಶನ್ ಒಪ್ಪಿಸಿ ಮೇಲೆ ಬಿಳಿ ಬಳಿಸುವುದು.

ಪಡುವಣ ಗೋಡೆ, ಕಿಟಕಿ

ಗನ್ ಪಡುವಣ ಗೋಡೆಯನ್ನು ತೋರಿಸಿದ್ದರೆ ಮದ್ದು ಬೇರೆ. ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾ ಏನೂ ಮಾಡದು. ಗಾಜು ಬಿಸಿಲನ್ನು ಒಳಬಿಡುತ್ತದೆ, ಒಳಗಿನ ವಸ್ತುಗಳು ಕಾದು ಸೂಸುವ ಅವಕೆಂಪನ್ನು ಹೊರಬಿಡುವುದಿಲ್ಲ. ಅದಕ್ಕೇ ಒಳಗಿನ ದಪ್ಪ ಪರದೆಗಿಂತ ಕಿಟಕಿಯ ಹೊರಗೆ ಇಳಿಬಿಟ್ಟ ತೆಳ್ಳನೆಯ ಬಿದಿರಿನ ಪರದೆಯೇ ಮೇಲು. ಗೋಡೆಗೆ ಒಂದಡಿ ದೂರದಲ್ಲಿ ಬಳ್ಳಿ ಹಬ್ಬಿಸಿದರೂ ಸಾಕು, ಬಸಳೆ ಚಪ್ಪರವೇ ಆದೀತು.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ತಾರಸಿ ನಿಮ್ಮದೇ ಆಗಿದ್ದರೆ ಈ ಜನವರಿಯಲ್ಲಿ ಸುಣ್ಣ ಬಳಿಯಿರಿ, ಬೇರೆ ಯೋಚನೆ ಬೇಡ. ಸೋರಿಕೆಯೂ ಇದ್ದರೆ ಬಿಳಿ ಶೀಟು, ಬದಿ ತೆರೆದು. ಅದಾದ ಮೇಲೂ ಸೀಲಿಂಗ್ ಬಿಸಿ ಎನಿಸಿದರೆ ಶೀಟಿನಡಿ ಫಾಯಿಲ್ ಸೇರಿಸಿ. ಆಗ ಇಳಿಯುವ ವಿಕಿರಣ ಲೆಕ್ಕದಲ್ಲಿ 125 ವ್ಯಾಟಿನಿಂದ 10ಕ್ಕಿಂತ ಕೆಳಗೆ ಬರುತ್ತದೆ. ಹೊಸ ಮನೆಯ ನಕ್ಷೆ ಹಾಕಿಸುತ್ತಿರುವವರು ಗಾಳಿಯಾಡುವ ಹಂಚು ಮತ್ತು ಅಟ್ಟವನ್ನು, ಅದಾಗದಿದ್ದರೆ ಎಕ್ಸ್‌ಪಿಎಸ್ ಮೇಲೆ ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ಸ್ ಚೂರುಗಳ ಹೊದಿಕೆ) ಅನ್ನು ಈಗಲೇ ಸೇರಿಸಿಕೊಳ್ಳಲಿ. ಆಮೇಲೆ ಮಾಡಿಸಲು ಖರ್ಚು ಹೆಚ್ಚು.

ಎ.ಸಿ. ಬೇಕೇ ಬೇಕೆನ್ನುವವರೂ ಮೊದಲು ಚಾವಣಿ ನೋಡಿಕೊಳ್ಳಿ. ಎ.ಸಿ. ತಣಿಸುವುದು ಗಾಳಿಯನ್ನು. 42 ಡಿಗ್ರಿಯ ಸೀಲಿಂಗ್ ಮೇಲಿನಿಂದ ಸೂಸುತ್ತಲೇ ಇದ್ದರೆ ಕೋಣೆಯವರು ರಿಮೋಟ್ ಒತ್ತಿ 20ಕ್ಕೆ ಇಳಿಸುತ್ತಾರೆ. ಸೀಲಿಂಗ್ 32ಕ್ಕೆ ಬಂದ ಮನೆಯಲ್ಲಿ 26ಕ್ಕೆ ಇಟ್ಟು ಫ್ಯಾನ್ ಹಾಕಿದರೂ ಹೊದಿಕೆ ಹುಡುಕಬೇಕಾದೀತು.